ಅರ್ಧ ಬೊಟ್ಟು

“ಅದನ್ನ ಮುಟ್ಟಬೇಡಿ!”

ಜ್ಯೋತಿಲಕ್ಷ್ಮಿ ಕೂಗಿದ ರಭಸಕ್ಕೆ ಇನ್‌ಸ್ಪೆಕ್ಟರ್ ಮಹಾನಂದ ಅವರ ಕೈ ಅರ್ಧಕ್ಕೇ ನಿಂತಿತು. ಪ್ಲಾಸ್ಟಿಕ್ ಕವರಿನೊಳಗೆ ಇಳಿಯಬೇಕಾಗಿದ್ದ ಅಂಗೈಯಗಲದ ಹಸಿರು ಬೋರ್ಡು ಮೇಜಿನ ಮೇಲೆಯೇ ಉಳಿಯಿತು.

“ಏನ್ರೀ ಹೀಗೆ ಕಿರುಚ್ತೀರಾ! ಇದು ಸಾಕ್ಷಿ. ಹುಡುಗಿ ಜೊತೆ ಇದೂ ಸ್ಟೇಷನ್ನಿಗೆ ಬರ್ಬೇಕು.”

“ಬರ್ಲಿ ಮೇಡಂ. ಅದಕ್ಕೆ ಮುಂಚೆ ನಾನೊಂದ್ಸಲ ನೋಡ್ತೀನಿ. ಆಮೇಲೆ ಯಾರನ್ನ ಬೇಕಾದ್ರೂ ಜೀಪ್ ಹತ್ತಿಸಿ.”

ಹುಡುಗಿ ಎಂದರೆ ಸುಪ್ರಜಾ. ಮೂಲೆಯ ಸ್ಟೂಲಿನ ಮೇಲೆ ಕುಳಿತು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಹೊರಗೆ ಪೊಲೀಸ್ ಜೀಪು ನಿಂತಿತ್ತು. ಗೇಟಿನಾಚೆ ಬೀದಿಯವರೆಲ್ಲ ತರಕಾರಿ ಚೀಲ ಹಿಡಿದುಕೊಂಡೇ ಇಣುಕುತ್ತಿದ್ದರು. ಅವಳು ಹುಟ್ಟಿ ಬೆಳೆದದ್ದು ಇದೇ ಬೀದಿಯಲ್ಲಿ. ಒಂದು ಸಲ ಆ ಜೀಪು ಹತ್ತಿದಳೆಂದರೆ, ನಾಳೆ ಕೋರ್ಟು ಬಿಟ್ಟರೂ ಚಾಮರಾಜಪೇಟೆಯ ಬಾಯಿ ಅವಳನ್ನು ಬಿಡುವುದಿಲ್ಲ.

ಸಂಗೀತ ಸಭೆಯ ಗಾಜಿನ ಪೆಟ್ಟಿಗೆಯಲ್ಲಿದ್ದ ಪುರಾತನ ವೀಣೆಯನ್ನು ಕಛೇರಿ ನಡೆಯುತ್ತಿದ್ದಾಗಲೇ ಯಾರೋ ಗಾಜು ಕೊರೆದು ಹೊತ್ತೊಯ್ದಿದ್ದರು. ಕೂಗಬೇಕಾಗಿದ್ದ ಸೈರನ್ ತುಟಿಪಿಟಕ್ಕೆನ್ನಲಿಲ್ಲ. ಪೆಟ್ಟಿಗೆಯ ಅಲುಗಾಟ ಹಿಡಿಯುವ ಸೆನ್ಸಾರನ್ನು ಅದರ ಸಾಫ್ಟ್‌ವೇರಿನಲ್ಲಿ ‘ಡಿಸೇಬಲ್’ ಮಾಡಿದ್ದವಳು, ಪೆಟ್ಟಿಗೆ ಮಾಡಿಕೊಟ್ಟ ಈ ಕಂಪನಿಯ ಇಂಜಿನಿಯರು ಸುಪ್ರಜಾ.

ಇಷ್ಟು ಸಾಕಲ್ಲವೇ ಒಬ್ಬಳ ಬದುಕು ಹಾಳಾಗುವುದಕ್ಕೆ!

ಜ್ಯೋತಿಲಕ್ಷ್ಮಿ ಬ್ಯಾಗಿನಿಂದ ಭೂತಗನ್ನಡಿ ತೆಗೆದಳು. ಗಾಂಧಿಬಜಾರಿನಲ್ಲಿ ಕಾಫಿಪುಡಿ ಅಂಗಡಿಯ ಮೇಲೆ ಪತ್ತೇದಾರಿ ಕಚೇರಿ ತೆರೆಯುವ ಮೊದಲು ಅವಳು ಇಂಥ ಬೋರ್ಡುಗಳ ನಡುವೆಯೇ ವರ್ಷಗಟ್ಟಲೆ ಕಣ್ಣು ಕೆಡಿಸಿಕೊಂಡವಳು. ಆದರೆ ಈ ಕೇಸು ಹಿಡಿದದ್ದು ಅದಕ್ಕಲ್ಲ. ಬೆಳಿಗ್ಗೆ ಹನುಮಂತನಗರದ ಮನೆಯಲ್ಲಿ ಅಪ್ಪ ತಟ್ಟೆಯ ಮುಂದೆ ಕೂತು ಇಡ್ಲಿ ಮುಟ್ಟದೆ ಹೇಳಿದ್ದರು, “ಆ ಹುಡುಗಿ ತಪ್ಪು ಮಾಡಿಲ್ಲ ಕಣಮ್ಮ. ನೀನು ಹೋಗ್ಲೇಬೇಕು.” ಮಗಳ ಕೆಲಸದಲ್ಲಿ ಎಂದೂ ತಲೆಹಾಕದ ಮನುಷ್ಯ. ಸಭೆಯ ಮೈಕು ನೋಡಿಕೊಳ್ಳುವವರು ಅವರೇ ಆದ್ದರಿಂದ ವೀಣೆ ಹೋದ ಸಂಕಟ ಇರಬೇಕು ಎಂದುಕೊಂಡು ಅವಳು ಚಪ್ಪಲಿ ಮೆಟ್ಟಿ ಹೊರಟಿದ್ದಳು.

“ನನಗೆ ಅರ್ಥ ಆಗೋ ಹಾಗೆ ಹೇಳ್ರೀ,” ಎಂದರು ಮಹಾನಂದ, ಕುರ್ಚಿ ಎಳೆದುಕೊಂಡು. “ಡಿಸೇಬಲ್ ಅಂದ್ರೆ ಏನು ಮಾಡಿದ್ಲು ಇವಳು? ವೈರ್ ಕತ್ತರಿಸಿದ್ಲಾ?”

“ವೈರ್ ಮುಟ್ಟೇ ಇಲ್ಲ. ಪೆಟ್ಟಿಗೇಲಿ ಒಂದು ಪುಟ್ಟ ಕಂಪ್ಯೂಟರ್ ಇದೆ. ತನ್ನ ಮೈಮೇಲೆ ಏನೇನು ಜೋಡಿಸಿದಾರೆ ಅಂತ ಅದಕ್ಕೆ ತಾನಾಗೇ ಗೊತ್ತಾಗಲ್ಲ. ಅದಕ್ಕೇ ಒಂದು ವಿವರ ಬರೆದಿಟ್ಟಿರ್ತಾರೆ, ಡಿವೈಸ್ ಟ್ರೀ ಅಂತ. ಇಲ್ಲಿ ಗಡಿಯಾರ ಇದೆ, ಇಲ್ಲಿ ಬೀಗ ಇದೆ, ಇಲ್ಲಿ ಸೆನ್ಸಾರ್ ಇದೆ. ಎದ್ದ ತಕ್ಷಣ ಓದೋದು ಅದನ್ನೇ.”

“ಸರಿ.”

“ಸೆನ್ಸಾರ್ ಹೆಸರಿನ ಕೆಳಗೆ ಡಿಸೇಬಲ್ಡ್ ಅಂತ ಬರೆದ್ರೆ ಕಂಪ್ಯೂಟರ್ ಪಾಲಿಗೆ ಅದು ಇಲ್ಲವೇ ಇಲ್ಲ. ಹುಡುಕೋದೂ ಇಲ್ಲ, ಸಿಗ್ಲಿಲ್ಲ ಅಂತ ಗೊಣಗೋದೂ ಇಲ್ಲ.”

“ಹಾಗೆ ಬರೆಯೋದು ಯಾವಾಗ?”

“ಬೋರ್ಡಲ್ಲಿ ಆ ಸಾಮಾನು ಇಲ್ಲದಿದ್ದಾಗ. ಅಥವಾ ಇದ್ದೂ ಅದಕ್ಕೆ ವೈರ್ ಎಳೆದಿಲ್ಲದಿದ್ದಾಗ. ಇಲ್ಲದ್ದನ್ನ ಇದೆ ಅಂತ ಬಿಟ್ರೆ ಅದು ಪ್ರತಿಸಲ ಹುಡುಕಿ ಹುಡುಕಿ ದೂರ್ತಾನೇ ಇರುತ್ತೆ. ಆ ಗಲಾಟೇಲಿ ನಿಜವಾದ ದೂರು ಕಾಣಲ್ಲ.”

“ಇರೋದನ್ನ ಇಲ್ಲ ಅಂತ ಬರೆದ್ರೆ?”

“ವೀಣೆ ಹೋಗುತ್ತೆ.”

ಕಂಪನಿಯ ಮಾಲೀಕ ರಾಮಾನುಜ ಇಷ್ಟು ಹೊತ್ತು ಹಲ್ಲು ಕಚ್ಚಿಕೊಂಡು ನಿಂತಿದ್ದರು. ಕೆಳಗೆ ಕಂಪನಿ, ಮೇಲೆ ಮನೆ. ಹೆಸರು ಕೆಟ್ಟರೆ ಎರಡೂ ಕೆಡುತ್ತವೆ. ಹಣೆಯ ನಾಮ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿದ್ದರೂ ಅವರಿಗೆ ಪರಿವೆ ಇರಲಿಲ್ಲ.

“ಅದನ್ನೇ ನಾನೂ ಕೇಳ್ತಿರೋದು ಮೇಡಂ! ಸಭೆಯ ಪೆಟ್ಟಿಗೇಲಿ ಸೆನ್ಸಾರ್ ಕಲ್ಲುಗುಂಡಿನ ಹಾಗೆ ಇದೆ. ಇವಳ್ಯಾಕೆ ಅದನ್ನ ಮುಚ್ಚಿದ್ಲು?”

“ಜೋಡೀಲಿ ಇರ್ಲಿಲ್ಲ ಸಾರ್,” ಎಂದಳು ಸುಪ್ರಜಾ. ಬೆಳಗಿನಿಂದ ಇದೇ ಮಾತನ್ನು ಎಷ್ಟು ಸಲ ಹೇಳಿದ್ದಳೋ, ಈಗ ದನಿಯಲ್ಲಿ ಜೀವವೇ ಇರಲಿಲ್ಲ.

ಜೋಡಿ ಬೋರ್ಡು ಈ ಕಂಪನಿಯ ಪದ್ಧತಿ. ಗಿರಾಕಿಯ ಜಾಗದಲ್ಲಿ ಕೂರಿಸುವ ಪ್ರತಿ ಬೋರ್ಡಿಗೂ ಥೇಟ್ ಹಾಗೆಯೇ ಇನ್ನೊಂದನ್ನು ಮಾಡಿ, ಗಿರಾಕಿಯ ಹೆಸರು ಅಂಟಿಸಿ ಇಲ್ಲಿನ ಕಪಾಟಿನಲ್ಲಿಡುತ್ತಾರೆ; ಎರಡಕ್ಕೂ ಸಾಫ್ಟ್‌ವೇರ್ ಒಂದೇ. ಯಾವುದನ್ನಾದರೂ ಡಿಸೇಬಲ್ ಮಾಡುವ ಮುಂಚೆ ಇಂಜಿನಿಯರು ಆ ಜೋಡಿಯನ್ನು ಕೈಯಲ್ಲಿ ಹಿಡಿದು, ಕಣ್ಣಾರೆ ನೋಡಿ, ಫೋಟೋ ತೆಗೆದು ಲಗತ್ತಿಸಬೇಕು. ಸುಪ್ರಜಾ ಎಲ್ಲವನ್ನೂ ಮಾಡಿದ್ದಳು. ಅವಳ ಫೋಟೋದಲ್ಲಿ ಸೆನ್ಸಾರ್ ಇರಬೇಕಾದ ಜಾಗ ಖಾಲಿ. ಮೇಜಿನ ಮೇಲೆ ಬಿದ್ದಿರುವ ಬೋರ್ಡಿನಲ್ಲೂ ಖಾಲಿ.

“ಇವಳೇ ಕಿತ್ತು, ಇವಳೇ ಫೋಟೋ ತೆಗೆದು, ಇವಳೇ ಇಲ್ಲ ಅಂತ ಬರೆದಿದಾಳೆ,” ಎಂದರು ಮಹಾನಂದ. “ಕಳ್ಳರಿಗೆ ದಾರಿ ಮಾಡಿಕೊಟ್ಟು ಸಾಕ್ಷೀನೂ ತಯಾರು ಮಾಡಿಟ್ಕೊಂಡಿದಾಳೆ. ಓದಿದೋರ ಬುದ್ಧಿ.”

“ಒಂದೇ ಒಂದು ಮಾತು ಮೇಡಂ,” ಎಂದಳು ಜ್ಯೋತಿಲಕ್ಷ್ಮಿ. “ಈ ಸೆನ್ಸಾರ್ ಕಂಪ್ಯೂಟರ್ ಜೊತೆ ಮಾತಾಡೋ ತಂತಿಯ ದಾರೀಲೇ ಪೆಟ್ಟಿಗೆಯ ಗಡಿಯಾರವೂ ಇದೆ. ಅವಸರದ ಕಳ್ಳ ಆಗಿದ್ರೆ ಇಡೀ ದಾರೀನೇ ಮುಚ್ಚಿಬಿಡ್ತಿದ್ದ. ಇವಳು ದಾರಿ ತೆರೆದಿಟ್ಟು ಸೆನ್ಸಾರ್ ಒಂದನ್ನೇ ಮುಚ್ಚಿದಾಳೆ. ಗಡಿಯಾರ ಕೆಡಬಾರದು ಅಂತ.”

“ಜಾಗರೂಕ ಕಳ್ಳಿ ಅಂದ್ಕೊಳ್ಳಿ.”

ಜ್ಯೋತಿಲಕ್ಷ್ಮಿ ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯನ್ನು ಕಣ್ಣಿಗಾನಿಸಿದಳು. ಖಾಲಿ ಜಾಗ. ಹೊಳೆಯುವ ಬೆಸುಗೆಯ ಗುರುತುಗಳು. ಅವುಗಳ ಪಕ್ಕದಲ್ಲಿ...

ಅವಳು ಭೂತಗನ್ನಡಿಯನ್ನು ಇನ್ನೂ ಹತ್ತಿರ ತಂದಳು.

ಕೆಂಪು ಬಣ್ಣ. ದುಂಡನೆಯ ಒಂದು ಕಲೆಯ ಅರ್ಧ ಭಾಗ. ಖಾಲಿ ಜಾಗದ ಅಂಚಿನಲ್ಲಿ ಅದು ಸ್ಕೇಲಿಟ್ಟು ಗೆರೆ ಎಳೆದಷ್ಟು ನೇರವಾಗಿ ನಿಂತುಹೋಗಿತ್ತು.

“ರಾಮಾನುಜ ಅವರೇ, ಇದೇನಿದು ಕೆಂಪಗೆ?”

ರಾಮಾನುಜ ಬಗ್ಗಿ ನೋಡಿ ಮುಖ ಕಿವಿಚಿದರು. “ಕುಂಕುಮ. ಇನ್ನೇನು! ಆಯುಧಪೂಜೆ ದಿನ ನಮ್ಮಮ್ಮ ಒಂದನ್ನೂ ಬಿಡಲ್ಲ. ಬೋರ್ಡು ಕೆಡುತ್ತೆ ಅಂದ್ರೆ ಕೇಳ್ಬೇಕಲ್ಲ. ಮೇಲ್ಗಡೆ ಒಂದು ಸಣ್ಣ ಬೊಟ್ಟು ಇಡ್ತೀನಿ ಕಣೋ, ಅದಕ್ಕೂ ಅಡ್ಡಿ ಮಾಡ್ಬೇಡ ಅಂತಾರೆ.”

“ಆಮೇಲೆ ಮತ್ತೆ ಇಟ್ಟಿದಾರಾ?”

“ವರ್ಷಕ್ಕೊಂದೇ ಸಲ. ಅದೊಂದು ಪುಣ್ಯ.”

ಜ್ಯೋತಿಲಕ್ಷ್ಮಿಗೆ ಕುಣಿಯಬೇಕೆನ್ನಿಸಿತು. ಈ ಸುಖಕ್ಕಾಗಿಯೇ ಅವಳು ಒಳ್ಳೆಯ ನೌಕರಿ ಬಿಟ್ಟು ಈ ಹಾಳು ಕಸುಬಿಗೆ ಬಿದ್ದದ್ದು. ಮುಖದಲ್ಲಿ ಮಾತ್ರ ಏನನ್ನೂ ತೋರಿಸದೆ, ಬಾಗಿಲ ಬಳಿ ನಿಂತು ಉಗುರು ಕಚ್ಚುತ್ತಿದ್ದವನ ಕಡೆಗೆ ತಿರುಗಿದಳು.

“ಶ್ರೀಧರ್, ಇಲ್ಲಿ ಬೋರ್ಡು ಜೋಡಿಸೋರು ನೀವೇ ಅಲ್ವಾ?”

“ನಾನೇ ಮೇಡಂ.”

“ಈ ಜೋಡಿಗೆ ಸೆನ್ಸಾರ್ ಹಾಕಿದ್ರಾ?”

“ಇಲ್ಲ... ಹಾಕಿರ್ಲಿಲ್ಲ ಅನ್ಸುತ್ತೆ. ಆಗ ಸ್ಟಾಕ್ ಇರ್ಲಿಲ್ಲ.”

“ಅನ್ಸುತ್ತೆ ಅಂದ್ರೆ ಏನಯ್ಯಾ!” ಎಂದು ರಾಮಾನುಜ ಗುಡುಗಿದರು. ಜ್ಯೋತಿಲಕ್ಷ್ಮಿ ಕೈಯೆತ್ತಿ ಅವರನ್ನು ಸುಮ್ಮನಾಗಿಸಿದಳು.

“ಹಾಕೇ ಇರ್ಲಿಲ್ಲ?”

“ಇರ್ಲಿಲ್ಲ.”

“ಹತ್ತಿರ ಬನ್ನಿ. ಈ ಗಾಜಲ್ಲಿ ನೋಡಿ. ಏನು ಕಾಣುತ್ತೆ?”

ಶ್ರೀಧರ್ ಬಗ್ಗಿದ. “ಕುಂಕುಮ.”

“ಪೂರ್ತಿ ಬೊಟ್ಟಾ?”

ಅವನು ಗಾಜಿನಿಂದ ಮುಖ ಹಿಂದೆ ತೆಗೆದ.

“ಅರ್ಧ ಬೊಟ್ಟು ಶ್ರೀಧರ್. ಬೊಟ್ಟಿಟ್ಟೋರು ಅರ್ಧ ಬೊಟ್ಟು ಇಡಲ್ಲ. ಇನ್ನರ್ಧ ಬಿದ್ದಿದ್ದು ಆ ಜಾಗದಲ್ಲಿ ಕೂತಿದ್ದ ಸೆನ್ಸಾರ್ ಮೇಲೆ. ಅಂದ್ರೆ ಆಯುಧಪೂಜೆ ದಿನ ಸೆನ್ಸಾರ್ ಇಲ್ಲೇ ಇತ್ತು. ಸ್ಟಾಕ್ ಇರ್ಲಿಲ್ಲ ಅನ್ನೋದು ಹಸೀ ಸುಳ್ಳು. ಯಾಕೆ ಹೇಳಿದ್ರಿ?”

ಶ್ರೀಧರನ ಕಣ್ಣು ಸುಪ್ರಜಾಳ ಕಡೆ ಹೋಯಿತು, ತಕ್ಷಣ ನೆಲಕ್ಕೆ ಬಿತ್ತು.

“ನಾನು ನಿಮ್ಮನ್ನ ಕೇಳಿದ್ದೆ ಶ್ರೀಧರಣ್ಣ,” ಎಂದಳು ಸುಪ್ರಜಾ. ಸ್ಟೂಲಿನಿಂದ ಎದ್ದು ನಿಂತಿದ್ದಳು. ಸತ್ತುಹೋಗಿದ್ದ ದನಿಗೆ ಎಲ್ಲಿಂದಲೋ ಬಿಸಿ ಬಂದಿತ್ತು. “ಡಿಸೇಬಲ್ ಮಾಡೋ ಮುಂಚೆ ಬಂದು ಕೇಳಿದ್ದೆ. ಸಭೆಯ ಪೆಟ್ಟಿಗೇಲಿ ನಿಜವಾಗ್ಲೂ ಸೆನ್ಸಾರ್ ಇಲ್ವಾ ಅಂತ. ಬೆಳಿಗ್ಗೆಯಿಂದ ಹೇಳ್ತಿದೀನಿ, ನೀವು ಇಲ್ಲ ಇಲ್ಲ ಅಂತಿದೀರಾ.”

“ಕೇಳಿದ್ಲಾ, ಇಲ್ವಾ?” ಜ್ಯೋತಿಲಕ್ಷ್ಮಿ ಇನ್ನೊಂದು ಹೆಜ್ಜೆ ಮುಂದಿಟ್ಟಳು.

“ಮೇಡಂ, ನಂಗೆ...”

“ಹೊರಗೆ ಜೀಪು ನಿಂತಿದೆ. ನಿಮ್ಮ ಒಂದು ಮಾತಿಗೋಸ್ಕರ ಈ ಹುಡುಗಿ ಬೀದಿಯವರ ಮುಂದೆ ಅದನ್ನ ಹತ್ತಬೇಕಾ? ಕೇಳಿದ್ಲಾ?”

“ಕೇಳಿದ್ಲು!” ಶ್ರೀಧರನ ಬಾಯಿಂದ ಮಾತು ಸಿಡಿದೇಬಿಟ್ಟಿತು. “ಕೇಳಿದ್ಲು ಮೇಡಂ. ನಾನು ಫೋನಲ್ಲಿದ್ದೆ. ಜೋಡೀಲಿ ಇಲ್ಲ ಅಂದ್ರೆ ಅಲ್ಲೂ ಇಲ್ಲ ಹೋಗಮ್ಮ ಅಂದ್ಬಿಟ್ಟೆ. ತಿರುಗಿ ಕೂಡ ನೋಡ್ಲಿಲ್ಲ. ಸಭೆಗೆ ಹೋಗಿ ಆ ಸೆನ್ಸಾರ್ ಕೂರಿಸಿದೋನು ನಾನೇ! ಆಮೇಲೆ ವೀಣೆ ಹೋಯ್ತು ಅಂದ ತಕ್ಷಣ ಕೈಕಾಲು ತಣ್ಣಗಾಯ್ತು. ಮಕ್ಕಳ ತಂದೆ ನಾನು. ಹೆದರಿದೆ.”

ಸುಪ್ರಜಾ ಗೋಡೆ ಹಿಡಿದುಕೊಂಡು ಅತ್ತೇಬಿಟ್ಟಳು. ಬೆಳಗಿನಿಂದ ಒಂದು ಹನಿಯನ್ನೂ ಹೊರಗೆ ಬಿಡದ ಹುಡುಗಿ, ತನ್ನ ಮಾತು ನಿಜವೆಂದು ಒಬ್ಬರು ಒಪ್ಪಿದ ಮೇಲೆ ತಡೆಯಲಾರದೆ ಹೋದಳು.

ಮಹಾನಂದ ಕುರ್ಚಿಯಿಂದ ಎದ್ದರು. “ಸರಿಹೋಯ್ತು. ಜೋಡಿಸೋನು ನೀನು, ಸುಳ್ಳು ಹೇಳಿದೋನು ನೀನು. ಸೆನ್ಸಾರ್ ಕಿತ್ತೋನೂ ನೀನೇ. ನಡೀ.”

“ದೇವರಾಣೆ ನಾನು ಕಿತ್ತಿಲ್ಲ!”

“ಅವರು ಕಿತ್ತಿಲ್ಲ,” ಎಂದಳು ಜ್ಯೋತಿಲಕ್ಷ್ಮಿ.

ಮಹಾನಂದ ಸೊಂಟದ ಮೇಲೆ ಕೈಯಿಟ್ಟು ನಿಂತರು. “ಒಂದು ದಿನದಲ್ಲಿ ಎಷ್ಟು ಜನರನ್ನ ಬಿಡಿಸ್ಬೇಕು ಅಂತ ಹೊರಟಿದೀರಾ?”

“ಶ್ರೀಧರ್, ಒಂದು ಸಾಮಾನು ಕೀಳಬೇಕಾದ್ರೆ ಏನು ಬಳಸ್ತೀರಾ?”

“ಬಿಸಿಗಾಳಿ ಗನ್ನು ಮೇಡಂ. ಈಗೆಲ್ಲ ಅದೇ.”

“ಆ ಗಾಳಿ ಈ ಕುಂಕುಮಕ್ಕೆ ಬಡಿದ್ರೆ?”

“ಹಾರಿಹೋಗುತ್ತೆ. ಇಲ್ಲಾ ಕರಕಲಾಗುತ್ತೆ.” ಹೇಳುತ್ತಿದ್ದಂತೆ ಅವನಿಗೇ ಅರ್ಥವಾಯಿತು. ಬೋರ್ಡಿನ ಮೇಲಿನ ಅರ್ಧ ಬೊಟ್ಟು ಹೊಸದಾಗಿ ಇಟ್ಟಷ್ಟೇ ಕೆಂಪಗಿತ್ತು.

“ಗಾಳಿ ಬಡಿದಿಲ್ಲ. ಸುತ್ತ ಒಂದಿಷ್ಟೂ ಕಂದಿಲ್ಲ,” ಎಂದಳು ಜ್ಯೋತಿಲಕ್ಷ್ಮಿ. ಮಾತು ಓಡುತ್ತಿತ್ತು, ಅವಳ ಯೋಚನೆ ಅದಕ್ಕಿಂತ ಮುಂದೆ ಓಡುತ್ತಿತ್ತು. “ಬೆಸುಗೆ ಐರನ್ನಿಂದ ಸೆನ್ಸಾರಿನ ಒಂದೊಂದೇ ಕಾಲು ಕಾಯಿಸಿ, ತಾಮ್ರದ ಎಳೆಗಳ ಪಟ್ಟಿ ಇಟ್ಟು ಬೆಸುಗೆ ಹೀರಿಸಿ, ಕೊನೇಲಿ ಒರೆಸಿ ಚೊಕ್ಕ ಮಾಡಿದಾರೆ. ಹಳೇ ಕಾಲದ ಕೈಕೆಲಸ. ಬಹಳ ವರ್ಷ ಪಳಗಿದ ಕೈ. ರಾಮಾನುಜ ಅವರೇ, ಇಲ್ಲಿ ಐರನ್ ಹಿಡಿದು ಹೀಗೆ ಕೆಲಸ ಮಾಡೋರು ಯಾರಿದಾರೆ?”

“ಯಾರೂ ಇಲ್ಲ ಮೇಡಂ. ಈಗಿನ ಹುಡುಗರಿಗೆ ಅದೆಲ್ಲ ಎಲ್ಲಿ ಬರುತ್ತೆ? ಅಂಥ ಕೈ ಇರೋದು ಈ ಮನೇಲಿ ಒಬ್ಬರಿಗೇ...”

ಮಾತು ಅಲ್ಲಿಗೇ ಕಡಿಯಿತು. ರಾಮಾನುಜರ ಕಣ್ಣು ಎದುರುಗೋಡೆಯ ಮೇಲೆ ನಿಂತುಬಿಟ್ಟಿತ್ತು.

ಅಲ್ಲಿ ಕಟ್ಟು ಹಾಕಿದ ಹಳೆಯ ಗ್ರೂಪ್ ಫೋಟೋ. ಟೆಲಿಫೋನ್ ಕಾರ್ಖಾನೆಯ ಜೋಡಣೆ ವಿಭಾಗ. ಮುಂದಿನ ಸಾಲಿನಲ್ಲಿ ಸೀರೆಯುಟ್ಟ ಹೆಂಗಸರು, ಹಿಂದಿನ ಸಾಲಿನಲ್ಲಿ ಗಂಡಸರು. ಬಂದಾಗಲೇ ಅದು ಜ್ಯೋತಿಲಕ್ಷ್ಮಿಯ ಕಣ್ಣಿಗೆ ಬಿದ್ದಿತ್ತು. ಅಪ್ಪನ ಬಳಿಯೂ ಇಂಥದೊಂದಿದೆ; ಆ ಕಾರ್ಖಾನೆಯಲ್ಲಿ ದುಡಿದವರ ಮನೆಯಲ್ಲೆಲ್ಲ ಇರುತ್ತದೆ ಎಂದುಕೊಂಡು ಮುಖಗಳನ್ನು ನೋಡದೆ ಬಿಟ್ಟಿದ್ದಳು. ಮುಂದಿನ ಸಾಲಿನ ನಡುವೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದ ತೆಳ್ಳನೆಯ ಹುಡುಗಿ ಯಾರೆಂದು ಈಗ ಕೇಳಬೇಕಾಗಿರಲಿಲ್ಲ.

ಬಾಗಿಲಲ್ಲಿ ಲೋಟಗಳು ಕಿಣಿಗುಟ್ಟಿದವು.

ರಾಮಾನುಜರ ತಾಯಿ ಜಾನಕಮ್ಮ ಕಾಫಿಯ ತಟ್ಟೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಅವರು ಮಗನನ್ನಾಗಲಿ ಪೊಲೀಸರನ್ನಾಗಲಿ ನೋಡಲಿಲ್ಲ. ನೇರವಾಗಿ ಸುಪ್ರಜಾಳ ಹತ್ತಿರ ಹೋಗಿ, ತಟ್ಟೆಯನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಅವಳ ಕಣ್ಣೊರೆಸಿದರು.

“ಅಳ್ಬೇಡ ಕಣೇ. ನಿನ್ನನ್ನ ಬರೀ ಬೈದು ಬಿಟ್ಟುಬಿಡ್ತಾರೆ ಅಂದ್ಕೊಂಡೆ. ಜೀಪು ತರ್ತಾರೆ ಅಂತ ನಂಗೇನು ಗೊತ್ತು?”

“ಅಮ್ಮಾ!” ರಾಮಾನುಜರ ದನಿ ಮಗುವಿನ ದನಿಯಾಗಿತ್ತು. “ಏನು ಮಾತಾಡ್ತಿದೀಯ ನೀನು?”

ಜಾನಕಮ್ಮ ಮೂಲೆಯಲ್ಲಿದ್ದ ದೇವರ ಪಟದ ಹತ್ತಿರ ಹೋದರು. ದೀಪದ ಪಕ್ಕದ ಬೆಳ್ಳಿಯ ಕುಂಕುಮದ ಭರಣಿ ತೆಗೆದರು. ಮುಚ್ಚಳ ಬಿಚ್ಚಿ, ಬೆರಳು ಅದ್ದಿ, ಕುಂಕುಮದ ಒಳಗಿಂದ ಉಗುರಗಲದ ಒಂದು ಲೋಹದ ತುಣುಕನ್ನು ಹೊರತೆಗೆದು ಸೆರಗಿನಲ್ಲಿ ಒರೆಸಿದರು. ಪುಡಿಯೆಲ್ಲ ಹೋದರೂ ಒಂದು ಅಂಚಿನಲ್ಲಿ ಒಣಗಿದ ಬೊಟ್ಟು ಉಳಿಯಿತು.

ಜ್ಯೋತಿಲಕ್ಷ್ಮಿ ಅದನ್ನು ತೆಗೆದುಕೊಂಡು ಬೋರ್ಡಿನ ಖಾಲಿ ಜಾಗದಲ್ಲಿ ಕೂರಿಸಿದಳು. ಅರ್ಧಕ್ಕೆ ಅರ್ಧ ಸೇರಿತು. ದುಂಡನೆಯ ಒಂದು ಬೊಟ್ಟು.

ಮಹಾನಂದ ಭೂತಗನ್ನಡಿ ಎಳೆದುಕೊಂಡು ಬಗ್ಗಿ ನೋಡಿದರು.

“ಎಸೆದುಬಿಟ್ಟಿದ್ರೆ ನಾವು ಯಾರೂ ಕಂಡುಹಿಡೀತಿರ್ಲಿಲ್ಲ ಅಮ್ಮ,” ಎಂದಳು ಜ್ಯೋತಿಲಕ್ಷ್ಮಿ ಮೆಲ್ಲಗೆ.

“ಪೂಜೆ ಮಾಡಿದ ವಸ್ತೂನ ಕಸಕ್ಕೆ ಹೇಗೆ ಹಾಕ್ಲಿ?” ಜಾನಕಮ್ಮನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ವೀಣೆ ನಾನು ಕದ್ದಿಲ್ಲ ಕಣಮ್ಮ. ಕಳ್ಳತನ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಮೃದಂಗದ ತನಿ ನುಡಿಸೋದು ಜೋರಾದ್ರೆ ಸಾಕು, ಆ ಸೈರನ್ ಕೂಗಿ ಕಛೇರಿ ಕೆಡಿಸುತ್ತೆ, ವಿದ್ವಾಂಸರು ಎದ್ದು ಹೋಗ್ತಾರೆ, ಹೇಗಾದ್ರೂ ಅದರ ಬಾಯಿ ಮುಚ್ಚಿಸಿ ಅಂತ ಕೇಳಿದ್ರು. ರಾಮು ಒಪ್ಪಲ್ಲ, ಕರಾರು ಗಿರಾರು ಅಂತಾನೆ. ಜೋಡೀಲಿ ಇಲ್ಲದ್ದನ್ನ ಈ ಹುಡುಗರು ಮುಚ್ಚಿಬಿಡ್ತಾರೆ ಅಂತ ನಂಗೆ ಗೊತ್ತಿತ್ತು. ಸಭೆಯ ಸಂಗೀತೋತ್ಸವ ಮುಗಿದ್ಮೇಲೆ ಮತ್ತೆ ಬೆಸೆದು ಇಡೋಣ ಅಂತಿದ್ದೆ.”

“ಕೇಳಿದ್ದು ಯಾರು?” ಮಹಾನಂದ ಮೇಜಿನ ಮೇಲೆ ಎರಡೂ ಕೈಯೂರಿದರು. “ಹೆಸರು ಹೇಳಿ.”

ಜಾನಕಮ್ಮ ಬಾಯಿ ತೆರೆದರು. ಆಮೇಲೆ ಜ್ಯೋತಿಲಕ್ಷ್ಮಿಯ ಮುಖ ನೋಡಿದರು. ಅವರ ಕಣ್ಣಲ್ಲಿ ಇದ್ದದ್ದು ಭಯವಲ್ಲ, ಮರುಕ.

“ನಿಂಗೆ ಅವರು ಏನೂ ಹೇಳಿಲ್ವಾ ಮಗಳೇ?”

ಕುಂಕುಮ ಮೆತ್ತಿದ ಬೆರಳನ್ನು ಅವರು ಗೋಡೆಯ ಫೋಟೋದ ಮೇಲಿಟ್ಟರು. ಹಿಂದಿನ ಸಾಲು. ಗುಂಗುರು ಕೂದಲಿನ, ನಗು ತಡೆಯಲಾರದೆ ತುಟಿ ಬಿಗಿಹಿಡಿದು ನಿಂತ ತರುಣ. ಗಾಜಿನ ಮೇಲೆ ಅವನ ಎದೆಗೆ ಸರಿಯಾಗಿ ಒಂದು ಕೆಂಪು ಬೊಟ್ಟು ಬಿತ್ತು.

ಜ್ಯೋತಿಲಕ್ಷ್ಮಿ ಆ ಮುಖವನ್ನು ಹುಟ್ಟಿದಾಗಿನಿಂದ ನೋಡುತ್ತಾ ಬಂದಿದ್ದಳು. ಇದೇ ಫೋಟೋ, ಇದೇ ಸಾಲು, ಹನುಮಂತನಗರದ ಮನೆಯ ಹಾಲಿನಲ್ಲಿ. ಮುಟ್ಟದೆ ಉಳಿದ ಇಡ್ಲಿಯ ತಟ್ಟೆ ನೆನಪಾಯಿತು. ಆ ಹುಡುಗಿ ತಪ್ಪು ಮಾಡಿಲ್ಲ ಕಣಮ್ಮ. ಅದು ಕರುಣೆಯ ಮಾತಾಗಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು.

“ಯಾರ್ರೀ ಅದು?” ಮಹಾನಂದ ಫೋಟೋದ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿದರು. “ಜ್ಯೋತಿಲಕ್ಷ್ಮಿ, ನಿಮಗೆ ಗೊತ್ತಾ ಇವರು?”

ಸುಪ್ರಜಾ ಕಣ್ಣೊರೆಸಿಕೊಂಡು ಅವಳನ್ನೇ ನೋಡುತ್ತಿದ್ದಳು. ಗೊತ್ತಿಲ್ಲ ಎನ್ನುವುದು ಎಷ್ಟು ಸುಲಭವಾಗಿತ್ತು! ಇರುವುದನ್ನು ಇಲ್ಲ ಎಂದುಬಿಟ್ಟರೆ ಯಾರೂ ಹುಡುಕುವುದಿಲ್ಲ, ಯಾರೂ ದೂರುವುದಿಲ್ಲ. ಜಾನಕಮ್ಮ ಕೂಡ ತುಟಿ ಬಿಗಿದುಕೊಂಡಿದ್ದರು. ಆ ಹೆಸರು ಅವರ ಬಾಯಿಂದ ಬರುವುದಿಲ್ಲವೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ಸಭೆಯಲ್ಲಿ ಮೈಕ್ ನೋಡ್ಕೋತಾರೆ. ಆಂಜಿನಯ್ಯ ಅಂತ,” ಎಂದಳು ಜ್ಯೋತಿಲಕ್ಷ್ಮಿ. “ನಮ್ಮಪ್ಪ.”

ಮಹಾನಂದ ಮೇಜಿನ ಮೇಲಿದ್ದ ಟೋಪಿ ಎತ್ತಿಕೊಂಡರು. ಜ್ಯೋತಿಲಕ್ಷ್ಮಿಯ ಬೆರಳು ಆಗಲೇ ಫೋನಿನಲ್ಲಿ ಮನೆಯ ನಂಬರು ಒತ್ತಿತ್ತು. ಎರಡನೇ ರಿಂಗಿಗೇ ಆ ಕಡೆ ಯಾರೋ ಎತ್ತಿದರು.

“ಹಲೋ, ಅಪ್ಪಾ?”

ಉತ್ತರ ಬರಲಿಲ್ಲ. ಬದಲಿಗೆ ಅವಳ ಮನೆಯ ಹಾಲಿನೊಳಗೆ, ಫೋನಿನ ತೀರಾ ಹತ್ತಿರದಲ್ಲಿ, ಯಾರೋ ಪಳಗಿದ ಕೈಯಿಂದ ವೀಣೆಯ ಒಂದು ತಂತಿಯನ್ನು ಮೀಟಿ ಸ್ವರವನ್ನು ಜಾರಿಸಿದರು. ಅಪ್ಪನಿಗೆ ವೀಣೆ ನುಡಿಸಲು ಬರುತ್ತಿರಲಿಲ್ಲ.